ಆರಾಯ್ಚಿಯೂ ಆರೈಕೆಯೂ: ಸಂಶೋಧನಾಲಯದ ಸಹಬಾಳ್ವೆ

ಹಳಗನ್ನಡದ ‘ಆರಯ್’ ಧಾತುವಿಗೆ ಹುಡುಕು, ಪರೀಕ್ಷಿಸು ಎಂಬ ಅರ್ಥಗಳೊಡನೆ ನೋಡಿಕೊಳ್ಳು, ಉಪಚರಿಸು ಎಂಬ ಅರ್ಥವೂ ಉಂಟು. ಇದರ ಜ್ಞಾತಿರೂಪವಾದ ‘ಆರಾಯ್’ನಿಂದ ತಮಿಳು ‘ಆರಾಯ್ಚಿ’ ಎಂಬ ಪದವನ್ನು ಪಡೆದು ಅದನ್ನು ಸಂಶೋಧನೆಗೆ ಬಳಸುತ್ತಿದೆ. ಕನ್ನಡವು ‘ಆರೈಕೆ’ಯನ್ನು ಉಳಿಸಿಕೊಂಡಿದೆ. ಎರಡು ನುಡಿಗಳೂ ಬೆರೆತು ಬಾಳುವ ಸೇಲಂ, ಧರ್ಮಪುರಿ ಸೀಮೆಯ ವಿದ್ಯಾರ್ಥಿಗಳು ಈ ಪದಸಂಬಂಧವನ್ನು ಅರಿಯುವುದು ಉಚಿತ. ಪದಾರ್ಥಗಳನ್ನು ಪರೀಕ್ಷಿಸುವ ಕೊಠಡಿಯಲ್ಲಿ ಪರೀಕ್ಷಿಸುವವರ ಆರೈಕೆಗೆ ಸ್ಥಾನವಿದೆಯೇ ಎಂಬುದು ಈ ಪಾಠದ ವಿಷಯ.

ಎರಡು ನಿದರ್ಶನಗಳು

1933ರಲ್ಲಿ ಕಮಲಾ ಭಾಗವತ್ ಎಂಬ ಮರಾಠಿ ಯುವತಿ ಮುಂಬಯಿಯಲ್ಲಿ ಪದವಿಯನ್ನು ಮುಗಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಲು ಅರ್ಜಿ ಸಲ್ಲಿಸಿದರು. ಆಕೆಯ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ಓದಿದವರು. ಆದರೂ ಹೆಣ್ಣೆಂಬ ಕಾರಣದಿಂದ ನಿರ್ದೇಶಕರಾದ ಸಿ. ವಿ. ರಾಮನ್ ಪ್ರವೇಶವನ್ನು ನಿರಾಕರಿಸಿದರು. ಕಮಲಾ ಹಿಂಜರಿಯಲಿಲ್ಲ. ಕೊನೆಗೆ ನಿಬಂಧನೆಗಳೊಡನೆ ಅನುಮತಿ ದೊರೆಯಿತು: ಮೊದಲ ವರ್ಷ ಆಕೆ ಪೂರ್ಣ ವಿದ್ಯಾರ್ಥಿನಿಯಲ್ಲ, ಮಾರ್ಗದರ್ಶಕರು ಹೇಳಿದಷ್ಟು ಹೊತ್ತು, ರಾತ್ರಿಯಾದರೂ, ದುಡಿಯಬೇಕು, ಪ್ರಯೋಗಾಲಯದ ವಾತಾವರಣವನ್ನು ಕೆಡಿಸಬಾರದು. ಕೆಡುವುದು ಯಾವುದು, ಕೆಡಿಸುವವರು ಯಾರು ಎಂಬುದನ್ನು ಮೊದಲೇ ತೀರ್ಮಾನಿಸಿದ ನಿಬಂಧನೆಯಿದು.

ಆಕೆಗೆ ಆಸರೆಯಾದವರು ಮಾರ್ಗದರ್ಶಕರಾದ ಎಂ. ಶ್ರೀನಿವಾಸಯ್ಯನವರು. ಅವರು ಕಟ್ಟುನಿಟ್ಟಿನವರು, ಆದರೆ ಕಲಿಸುವುದರಲ್ಲಿ ಉದಾರಿಗಳು. ಕಮಲಾ ಅವರ ಕೈಕೆಳಗೆ ಹಾಲು ಮತ್ತು ದ್ವಿದಳ ಧಾನ್ಯಗಳ ಪ್ರೋಟೀನುಗಳನ್ನು ಅಭ್ಯಸಿಸಿದರು. ವರ್ಷ ಕಳೆದ ಬಳಿಕ ರಾಮನ್ ಆಕೆಯ ಕೆಲಸವನ್ನು ಮೆಚ್ಚಿದರು. ಸಂಸ್ಥೆಯ ಬಾಗಿಲು ಇತರ ಸ್ತ್ರೀಯರಿಗೂ ತೆರೆಯಿತು. ಕಮಲಾ ಕೇಂಬ್ರಿಜ್‌ಗೆ ತೆರಳಿ 1939ರಲ್ಲಿ ಪಿಎಚ್.ಡಿ. ಪಡೆದರು, ವಿವಾಹಾನಂತರ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದರು.

ಎರಡನೆಯ ನಿದರ್ಶನ ಅನ್ನಾ ಮಣಿಯವರದು. 1940ರಲ್ಲಿ ರಾಮನ್ನರ ಪ್ರಯೋಗಾಲಯವನ್ನು ಸೇರಿದ ಅವರು ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣವನ್ನು ಶೋಧಿಸಿ, 1945ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಪ್ರಬಂಧವನ್ನು ಸಲ್ಲಿಸಿದರು. ಎಂ.ಎಸ್‌ಸಿ. ಇಲ್ಲವೆಂದು ಪದವಿಯನ್ನು ಕೊಡಲಿಲ್ಲ. ಮೊದಲನೆಯ ನಿದರ್ಶನದಲ್ಲಿ ತಡೆಯಾದದ್ದು ವ್ಯಕ್ತಿಯ ಪೂರ್ವಗ್ರಹ. ಎರಡನೆಯದರಲ್ಲಿ ನಿಯಮದ ಜಡತೆ. ಸಂಶೋಧನಾಲಯದ ಸಂಸ್ಕೃತಿಯನ್ನು ತಿದ್ದಬಯಸುವವರು ಎರಡನ್ನೂ ತಿದ್ದಬೇಕು.

ಈ ಸೀಮೆಯ ಸನ್ನಿವೇಶ

1997ರಲ್ಲಿ ಸೇಲಂನಲ್ಲಿ ಪೆರಿಯಾರ್ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಸೇಲಂ, ನಾಮಕ್ಕಲ್, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳು ಅದರ ವ್ಯಾಪ್ತಿಗೆ ಸೇರಿವೆ. ಅದಕ್ಕೆ ಐದು ವರ್ಷ ಮೊದಲು, 1992ರಲ್ಲಿ, ಇದೇ ಸೇಲಂ ಜಿಲ್ಲೆಯಲ್ಲಿ ತಮಿಳುನಾಡು ಸರ್ಕಾರವು ಹೆಣ್ಣುಶಿಶುಗಳ ಹತ್ಯೆಯನ್ನು ತಡೆಯಲು ತೊಟ್ಟಿಲು ಮಗು ಯೋಜನೆಯನ್ನು ಆರಂಭಿಸಬೇಕಾಯಿತು; 2001ರಲ್ಲಿ ಅದು ಧರ್ಮಪುರಿಗೂ ವಿಸ್ತರಿಸಿತು. ಆ ವರ್ಷಗಳಲ್ಲಿ ಹುಟ್ಟಿ ಬದುಕುಳಿದ ಹೆಣ್ಣುಮಕ್ಕಳು ಈಗ ಸಂಶೋಧನೆಯ ವಯಸ್ಸಿನವರು. ಅವರಲ್ಲೊಬ್ಬಳು ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತಾಗ, ಅದರ ಹಿಂದೆ ಒಂದು ತಲೆಮಾರಿನ ಹೋರಾಟವಿದೆ ಎಂಬುದನ್ನು ಮಾರ್ಗದರ್ಶಕರು ಮರೆಯಲಾಗದು.

ಭಾಷೆಯ ತೊಡಕು ಬೇರೆ. ಮಾರಂಡಹಳ್ಳಿ, ಹೊಗೇನಕಲ್ ಎಂಬ ಊರುಗಳ ಹೆಸರುಗಳೇ ಈ ನೆಲದ ಕನ್ನಡಕ್ಕೆ ಸಾಕ್ಷಿ. ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿ, ಶಾಲೆಯಲ್ಲಿ ತಮಿಳಿನಲ್ಲಿ ಕಲಿತು, ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದವನು ಸಭೆಯಲ್ಲಿ ಮೌನವಾಗಿದ್ದರೆ, ಆ ಮೌನವನ್ನು ಅಜ್ಞಾನವೆಂದು ಎಣಿಸುವುದು ತಪ್ಪು. ಉಪಕರಣದ ಕೆಟ್ಟ ಫಲಿತಾಂಶವನ್ನು ಮೊದಲು ಕಂಡವನು ಅವನೇ ಆಗಿರಬಹುದು. ಹೇಳಲು ಅಂಜಿದರೆ ನಷ್ಟವಾಗುವುದು ವಿಜ್ಞಾನಕ್ಕೇ.

ಆಚರಣೆಯ ಕ್ರಮ

ಆರೈಕೆಯೆಂದರೆ ಸಡಿಲಿಕೆಯಲ್ಲ, ಶ್ರೀನಿವಾಸಯ್ಯನವರ ಉದಾಹರಣೆಯೇ ಇದಕ್ಕೆ ಸಾಕ್ಷಿ. ಆದರೆ ಅದು ಗುರುವಿನ ಸದ್ಗುಣವೊಂದನ್ನೇ ನೆಚ್ಚಿ ನಿಲ್ಲತಕ್ಕದ್ದಲ್ಲ. ಬರಹದಲ್ಲಿರುವ ಕ್ರಮವೂ ಬೇಕು.

ಮೊದಲನೆಯದಾಗಿ, ಯಾರು ಯಾವ ಕೆಲಸವನ್ನು ಮಾಡತಕ್ಕದ್ದು, ಲೇಖನದಲ್ಲಿ ಯಾರ ಹೆಸರು ಯಾವ ಕ್ರಮದಲ್ಲಿ ಬರತಕ್ಕದ್ದು ಎಂಬುದನ್ನು ಆರಂಭದಲ್ಲಿಯೇ ಬರೆದಿಡಬೇಕು. ಗಾಜಿನ ಪಾತ್ರೆಗಳನ್ನು ತೊಳೆಯುವ ಕೆಲಸ ಸರದಿಯಂತೆ ಎಲ್ಲರಿಗೂ ಬರಬೇಕು. ಸದಾ ಸ್ತ್ರೀಯರ ಅಥವಾ ಕಿರಿಯರ ಪಾಲಿಗೆ ಬೀಳಬಾರದು.

ಎರಡನೆಯದಾಗಿ, ವಾರದ ಸಭೆಯಲ್ಲಿ ವಿಫಲವಾದ ಪ್ರಯೋಗಗಳಿಗೂ ಸಮಯವಿರಬೇಕು. ಮೊದಲು ತನ್ನ ಮನೆಮಾತಿನಲ್ಲಿಯೋ ತಮಿಳಿನಲ್ಲಿಯೋ ವಿಷಯವನ್ನು ವಿವರಿಸಿ, ಬಳಿಕ ಇಂಗ್ಲಿಷಿಗೆ ತರುವ ಅವಕಾಶ ವಿದ್ಯಾರ್ಥಿಗೆ ದೊರೆಯಬೇಕು.

ಮೂರನೆಯದಾಗಿ, ಸಭೆಯ ವೇಳೆಯನ್ನು ಹಳ್ಳಿಯ ಕೊನೆಯ ಬಸ್ಸನ್ನು ಗಮನಿಸಿ ನಿಗದಿಮಾಡಬೇಕು.

ನಾಲ್ಕನೆಯದಾಗಿ, ಹಕ್ಕುಗಳನ್ನು ಎಲ್ಲರಿಗೂ ತಿಳಿಸಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ಪಿಎಚ್.ಡಿ. ನಿಯಮಗಳು ಸಂಶೋಧನಾವಧಿಯಲ್ಲಿ ಸ್ತ್ರೀಯರಿಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನೆಯ ರಜೆಗೆ ಅವಕಾಶವಿತ್ತಿವೆ. ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿಯಿರಬೇಕೆಂದು 2013ರ ಕಾಯಿದೆಯೂ ಆಯೋಗದ 2015ರ ನಿಯಮಗಳೂ ವಿಧಿಸಿವೆ. ಶಿಷ್ಯವೇತನದ ಕಾಗದಕ್ಕೆ ಸಹಿ ಹಾಕುವವರೂ ಮಾರ್ಗದರ್ಶಕರೇ ಆಗಿರುವಾಗ, ಅವರನ್ನು ಬಿಟ್ಟು ಬೇರೆಡೆ ದೂರನ್ನು ಹೇಳಿಕೊಳ್ಳುವ ದಾರಿ ವಿದ್ಯಾರ್ಥಿಗೆ ತಿಳಿದಿರಲೇಬೇಕು.

ಕಮಲಾ ಅವರಿಗೆ ಒಂದು ವರ್ಷ ಪರೀಕ್ಷೆಯ ಕಾಲವಾಗಿತ್ತು. ಹೊಸಬರು ಬಂದಾಗ ಅವರ ಯೋಗ್ಯತೆಯಷ್ಟೇ ಅಲ್ಲ, ಅವರನ್ನು ಬರಮಾಡಿಕೊಳ್ಳುವ ಸಂಸ್ಥೆಯ ಯೋಗ್ಯತೆಯೂ ಪರೀಕ್ಷೆಗೊಳಗಾಗುತ್ತದೆ.

ಅಭ್ಯಾಸ

1. ‘ಆರಯ್’ ಧಾತುವಿನ ಅರ್ಥವ್ಯಾಪ್ತಿಯನ್ನು ನಿಘಂಟಿನ ನೆರವಿನಿಂದ ವಿವರಿಸಿರಿ.
2. ವ್ಯಕ್ತಿಯ ಪೂರ್ವಗ್ರಹಕ್ಕೂ ನಿಯಮದ ಜಡತೆಗೂ ಇರುವ ಭೇದವನ್ನು ಪಾಠದ ನಿದರ್ಶನಗಳಿಂದ ಸ್ಪಷ್ಟಪಡಿಸಿರಿ.
3. ನಿಮ್ಮ ವಿಭಾಗದ ಸಂಶೋಧಕರಿಗೆ ಉಪಯುಕ್ತವಾಗುವ ಐದು ನಿಯಮಗಳನ್ನು ಸರಳ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆಯಿರಿ.