ಚಿಕಿತ್ಸೆಯ ವೆಚ್ಚ ತಗ್ಗಿಸಲು ಮೊಬೈಲಿನ ಸದುಪಯೋಗ

ಚಿಕಿತ್ಸೆಗೆ ನಾಲ್ಕು ಪಾದಗಳಿವೆ ಎಂದು ಆಯುರ್ವೇದ ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಚರಕ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಈ ನಾಲ್ಕೂ ಪಾದಗಳಿಗೆ ತಲಾ ನಾಲ್ಕು ಗುಣಗಳನ್ನು ವಿಧಿಸಲಾಗಿದೆ. ಔಷಧಕ್ಕೆ ಹೇಳಿರುವ ಗುಣಗಳಲ್ಲಿ ಒಂದು ‘ಬಹುತಾ’, ಅಂದರೆ ಅದು ಸಾಕಷ್ಟು ದೊರೆಯುವಂತಿರಬೇಕು. ರೋಗಿಗೆ ಹೇಳಿರುವ ಗುಣಗಳಲ್ಲಿ ನೆನಪು ಮತ್ತು ತನ್ನ ಬೇನೆಯನ್ನು ಸರಿಯಾಗಿ ತಿಳಿಸುವ ಶಕ್ತಿ ಸೇರಿವೆ. ಈ ಮಾತುಗಳನ್ನು ನಾವು ವಿದ್ಯಾರ್ಥಿದೆಸೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅವುಗಳ ಹಿಂದೆ ಹಣದ ಲೆಕ್ಕವೂ ಅಡಗಿದೆ ಎಂಬುದು ಮಾತ್ರ ನಮಗೆ ಬಹಳ ತಡವಾಗಿ ತಿಳಿಯಿತು.

ಒಬ್ಬ ತಾಯಿಯ ಪ್ರಸಂಗ

ಜೋಯಿಡಾ ತಾಲೂಕಿನ ಅನಮೋಡ ನಮ್ಮ ರಾಜ್ಯದ ಅಂಚಿನ ಊರು. ಇದರಾಚೆ ಘಟ್ಟ ಇಳಿದರೆ ಗೋವೆ. ಸುತ್ತಲೂ ದಟ್ಟ ಕಾಡು, ಅಲ್ಲಲ್ಲಿ ನಾಲ್ಕಾರು ಮನೆಗಳ ವಾಡೆಗಳು. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಇತ್ತಲಿನವರು ಇತ್ತ, ಅತ್ತಲಿನವರು ಅತ್ತ. ಈ ಭಾಗದ ರೋಗಿಗಳನ್ನು ನಾವು ಮೂರು ದಶಕಗಳಿಗೂ ಮೀರಿ ನೋಡುತ್ತ ಬಂದಿದ್ದೇವೆ.

ಕೆಲವು ವರ್ಷಗಳ ಹಿಂದೆ ಅನಮೋಡದ ಆಚೆಯ ವಾಡೆಯೊಂದರಿಂದ ಮಂಡಿನೋವಿನ ತೈಲಕ್ಕಾಗಿ ಒಬ್ಬ ತಾಯಿ ನಮ್ಮಲ್ಲಿಗೆ ಬರುತ್ತಿದ್ದರು. ಅವರು ರಕ್ತದೊತ್ತಡಕ್ಕೆ ಪೇಟೆಯ ವೈದ್ಯರೊಬ್ಬರಿಂದ ಗುಳಿಗೆ ಪಡೆಯುತ್ತಿದ್ದುದು ನಮಗೆ ಗೊತ್ತಿತ್ತು. ಪ್ರತಿ ಭೇಟಿಯಲ್ಲಿ “ಗುಳಿಗೆ ತೆಗೆದುಕೊಳ್ಳುತ್ತೀರಾ ಅವ್ವಾ?” ಎಂದು ಕೇಳುತ್ತಿದ್ದೆವು, ಅವರು ತಲೆಯಾಡಿಸುತ್ತಿದ್ದರು. ಒಂದು ಆಷಾಢದಲ್ಲಿ ಅವರ ಬಲಗೈ, ಬಲಗಾಲು ಬಿದ್ದುಹೋದವು. ಜೀವ ಉಳಿಯಿತು, ಮಾತೂ ಮರಳಿತು. ಕೈ ಮಾತ್ರ ಮರಳಲಿಲ್ಲ. ಆಗ ವಿಚಾರಿಸಿದಾಗ ಅವರು ಹೇಳಿದ್ದು ಇಷ್ಟೇ: “ಗುಳಿಗೆಗಿಂತ ಬಸ್ಸಿನ ಖರ್ಚೇ ಜಾಸ್ತಿ ಆಗತಿತ್ತು ಸಾಹೇಬರ. ಮೊದಲು ದಿನ ಬಿಟ್ಟು ದಿನ ತಗೊಂಡೆ, ಆಮೇಲೆ ಬಿಟ್ಟೇಬಿಟ್ಟೆ.”

ಅದೇ ಗುಳಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತಿತ್ತು. ಅವರ ಮಗನ ಕಿಸೆಯಲ್ಲಿ ಸಿನಿಮಾ ನೋಡುವ ದೊಡ್ಡ ಮೊಬೈಲೂ ಇತ್ತು. ಅವೆರಡನ್ನೂ ಜೋಡಿಸಿ ತೋರಿಸುವವರು ಇರಲಿಲ್ಲ. ನಾಡಿ ಹಿಡಿದ ನಾವು ಖರ್ಚಿನ ಮಾತು ಕೇಳಲಿಲ್ಲ. ಆ ತಪ್ಪು ನಮ್ಮದು. ಈ ಲೇಖನ ಬರೆಯಲು ಅದೇ ಕಾರಣ.

ಹಣ ಎಲ್ಲಿ ಹೋಗುತ್ತದೆ?

ಖರ್ಚು ಕಡಿಮೆ ಮಾಡಬೇಕಾದರೆ ಅದು ಎಲ್ಲಿ ಆಗುತ್ತಿದೆ ಎಂದು ಮೊದಲು ತಿಳಿಯಬೇಕು. ಅನಮೋಡದಂತಹ ಊರಿನ ರೋಗಿಯ ಖರ್ಚನ್ನು ಐದು ಭಾಗ ಮಾಡಬಹುದು: ಪ್ರಯಾಣದ ವೆಚ್ಚ, ಕಳೆದುಹೋದ ದಿನಗೂಲಿ (ಜೊತೆಗೆ ಬಂದವರದೂ ಸೇರಿ), ವೈದ್ಯರ ಶುಲ್ಕ, ಪರೀಕ್ಷೆಗಳು ಮತ್ತು ಔಷಧ. ಸಾಮಾನ್ಯವಾಗಿ ಜನರು ಕೊನೆಯ ಎರಡನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಆ ತಾಯಿಯನ್ನು ಸೋಲಿಸಿದ್ದು ಮೊದಲ ಎರಡು. ಈ ಐದರಲ್ಲಿ ಪ್ರತಿಯೊಂದಕ್ಕೂ ಮೊಬೈಲಿನಲ್ಲಿ ಏನಾದರೊಂದು ಸಹಾಯವಿದೆ. ಒಂದೊಂದಾಗಿ ನೋಡೋಣ.

ಮನೆಯಿಂದಲೇ ವೈದ್ಯರ ಸಲಹೆ

ಕೇಂದ್ರ ಆರೋಗ್ಯ ಸಚಿವಾಲಯದ ‘ಇ-ಸಂಜೀವಿನಿ’ ಸೇವೆಯು 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಮನೆಯಲ್ಲಿರುವ ರೋಗಿಗಳಿಗೆ ನೇರವಾಗಿ ತೆರೆದುಕೊಂಡಿತು. ಇದಕ್ಕೆ ಶುಲ್ಕವಿಲ್ಲ. ಮೊಬೈಲ್ ಸಂಖ್ಯೆಯಿಂದ ನೋಂದಣಿ ಮಾಡಿಕೊಂಡು, ರಾಜ್ಯವನ್ನು ಆರಿಸಿ, ಟೋಕನ್ ಪಡೆದು ಕಾದರೆ ವೈದ್ಯರು ವಿಡಿಯೋ ಮೂಲಕ ಮಾತನಾಡುತ್ತಾರೆ. ಔಷಧ ಚೀಟಿ ಮೊಬೈಲಿಗೇ ಬರುತ್ತದೆ.

“ನಮ್ಮ ವಾಡೆಯಲ್ಲಿ ಸಿಗ್ನಲ್ಲೇ ಬರುವುದಿಲ್ಲ, ವಿಡಿಯೋ ಎಲ್ಲಿಂದ ಬಂತು?” ಎಂದು ಜೋಯಿಡಾದ ಭಕ್ತರು ಕೇಳುವುದು ನ್ಯಾಯವೇ. ಅದಕ್ಕೂ ದಾರಿಯಿದೆ. ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂದು ಹೆಸರು ಪಡೆದಿರುವ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿ ಇರುತ್ತಾರೆ. ಅವರು ರಕ್ತದೊತ್ತಡ, ಸಕ್ಕರೆ ನೋಡಿ, ಅದೇ ಇ-ಸಂಜೀವಿನಿಯ ಮೂಲಕ ದೂರದ ವೈದ್ಯರೊಡನೆ ನಿಮ್ಮನ್ನು ಮಾತನಾಡಿಸಬಲ್ಲರು. ನಿಮ್ಮ ಕೈಯಲ್ಲಿ ಮೊಬೈಲ್ ಇರಬೇಕೆಂದೇನೂ ಇಲ್ಲ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಆ ಕೇಂದ್ರ ಎಲ್ಲಿದೆ, ಯಾವ ಹೊತ್ತಿಗೆ ಹೋಗಬೇಕು ಎಂಬುದು ತಿಳಿಯುತ್ತದೆ.

ಹಳೆಯ ಕಾಯಿಲೆಯ ಮುಂದುವರಿದ ಚಿಕಿತ್ಸೆ, ಚರ್ಮದ ತುರಿಕೆ, ಅಜೀರ್ಣ, ಪರೀಕ್ಷಾ ವರದಿ ತೋರಿಸುವುದು ಮುಂತಾದವುಗಳಿಗೆ ಈ ಸೇವೆ ಸಾಕು. ವೈದ್ಯರೊಡನೆ ಮಾತನಾಡುವ ಮುನ್ನ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ: ಬೇನೆ ಯಾವಾಗ ಶುರುವಾಯಿತು, ಯಾವಾಗ ಹೆಚ್ಚುತ್ತದೆ, ಈಗ ಯಾವ ಔಷಧ ನಡೆದಿದೆ, ಯಾವ ಔಷಧ ಮೈಗೆ ಒಗ್ಗುವುದಿಲ್ಲ. ಬೇನೆಯನ್ನು ಸರಿಯಾಗಿ ತಿಳಿಸುವ ಶಕ್ತಿ ಎಂದು ಚರಕರು ಹೇಳಿದ್ದು ಇದನ್ನೇ.

ಪಟ್ಟಣದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಲೇಬೇಕಾದಾಗ, ಅಲ್ಲಿ ಮುಂಗಡ ನೋಂದಣಿಯ ಸೌಲಭ್ಯ ಇದೆಯೇ ಎಂದು ನೋಡಿಕೊಳ್ಳಿ. ಕೇಂದ್ರ ಸರ್ಕಾರದ ಆನ್‌ಲೈನ್ ನೋಂದಣಿ ವ್ಯವಸ್ಥೆಯಲ್ಲಿ ದೇಶದ ಅನೇಕ ಆಸ್ಪತ್ರೆಗಳು ಸೇರಿವೆ. ತಜ್ಞರು ಯಾವ ವಾರ ಇರುತ್ತಾರೆ ಎಂದು ತಿಳಿಯದೆ ಹೋಗಿ ಬರಿಗೈಯಲ್ಲಿ ಮರಳುವ ರೋಗಿಗಳನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಒಂದು ಫೋನು ಮಾಡಿದ್ದರೆ ಎರಡು ದಿನದ ಕೂಲಿ ಉಳಿಯುತ್ತಿತ್ತು.

ಔಷಧದ ಬೆಲೆ ತಿಳಿಯುವ ಬಗೆ

ಗುಳಿಗೆಯ ಪಟ್ಟಿಯ ಮೇಲೆ ಎರಡು ಹೆಸರುಗಳಿರುತ್ತವೆ. ದೊಡ್ಡ ಅಕ್ಷರದ್ದು ಕಂಪನಿ ಇಟ್ಟ ಹೆಸರು, ಇನ್ನೊಂದು ಮದ್ದಿನ ಮೂಲ ಹೆಸರು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ರಕ್ತದೊತ್ತಡದ ಆಮ್ಲೋಡಿಪಿನ್ ಇವು ಮೂಲ ಹೆಸರುಗಳು. ಒಂದೇ ಮದ್ದು ಹತ್ತಾರು ಕಂಪನಿಗಳ ಹೆಸರಿನಲ್ಲಿ, ಹತ್ತಾರು ಬೆಲೆಯಲ್ಲಿ ಮಾರಾಟವಾಗುತ್ತದೆ. ಮೂಲ ಹೆಸರಿನಲ್ಲೇ ಮದ್ದು ಮಾರುವ ಜನೌಷಧಿ ಯೋಜನೆ 2008ರಲ್ಲಿ ಆರಂಭವಾಯಿತು. ಅಲ್ಲಿನ ಬೆಲೆ ಪೇಟೆಯ ಹೆಸರಾಂತ ಮದ್ದುಗಳಿಗಿಂತ ಶೇ. 50ರಿಂದ 80ರಷ್ಟು ಕಡಿಮೆ ಎಂದು ಸರ್ಕಾರ ಹೇಳುತ್ತದೆ. ‘ಜನೌಷಧಿ ಸುಗಮ್’ ಎಂಬ ಆ್ಯಪ್‌ನಲ್ಲಿ ಮದ್ದಿನ ಮೂಲ ಹೆಸರು ಹಾಕಿದರೆ ಅದರ ಬೆಲೆ ತಿಳಿಯುತ್ತದೆ. ಹತ್ತಿರದ ಕೇಂದ್ರ ಎಲ್ಲಿದೆ ಎಂಬುದನ್ನೂ ಅದು ತೋರಿಸುತ್ತದೆ.

ಔಷಧಗಳ ಗರಿಷ್ಠ ಬೆಲೆಯನ್ನು ನಿಗದಿಪಡಿಸುವ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು 1997ರಲ್ಲಿ ಸ್ಥಾಪನೆಯಾಯಿತು. ಅದರ ‘ಫಾರ್ಮಾ ಸಹಿ ದಾಮ್’ ಎಂಬ ಆ್ಯಪ್‌ನಲ್ಲಿ ನಿಮ್ಮ ಮದ್ದಿನ ಬೆಲೆಯನ್ನೂ, ಅದೇ ಮದ್ದಿನ ಬೇರೆ ಕಂಪನಿಗಳ ಬೆಲೆಯನ್ನೂ ಹೋಲಿಸಿ ನೋಡಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಗ್ಗದ ಮದ್ದು ಕಂಡಿತೆಂದು ನೀವೇ ಬದಲಾಯಿಸಬೇಡಿ. ಅಪಸ್ಮಾರ, ಥೈರಾಯ್ಡ್, ಹೃದಯದ ಕೆಲವು ಮದ್ದುಗಳಲ್ಲಿ ಅಳತೆ ಸ್ವಲ್ಪ ವ್ಯತ್ಯಾಸವಾದರೂ ತೊಂದರೆಯಾಗಬಹುದು. ಆ್ಯಪ್‌ನಲ್ಲಿ ಕಂಡ ಹೆಸರನ್ನು ವೈದ್ಯರಿಗೆ ತೋರಿಸಿ, “ಇದನ್ನು ತೆಗೆದುಕೊಳ್ಳಬಹುದೇ?” ಎಂದು ಕೇಳಿ. ಹಾಗೆ ಕೇಳಲು ಸಂಕೋಚ ಬೇಡ. ಧೈರ್ಯವೂ ರೋಗಿಗೆ ಹೇಳಿದ ಗುಣವೇ.

ಕಾಗದಗಳು ರೋಗಿಯ ನೆನಪು

ಒಂದೇ ರಕ್ತಪರೀಕ್ಷೆಯನ್ನು, ಒಂದೇ ಎಕ್ಸ್‌ರೇಯನ್ನು ತಿಂಗಳೊಳಗೆ ಎರಡು ಮೂರು ಸಲ ಮಾಡಿಸಿಕೊಂಡವರು ನಮ್ಮಲ್ಲಿಗೆ ಬರುತ್ತಾರೆ. ಕಾರಣ ಕೇಳಿದರೆ “ಹಿಂದಿನ ಚೀಟಿ ಮಳೆಗೆ ತೋಯ್ದು ಹೋಯಿತು” ಎನ್ನುತ್ತಾರೆ. ಇದಕ್ಕೆ ಯಾವ ಆ್ಯಪೂ ಬೇಕಿಲ್ಲ. ಪ್ರತಿ ಚೀಟಿ, ಪ್ರತಿ ವರದಿ ಕೈಗೆ ಬಂದ ಕೂಡಲೇ ಬೆಳಕಿನಲ್ಲಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ದಿನಾಂಕ ಮತ್ತು ಹೆಸರು ಕಾಣುವಂತಿರಲಿ. ಅದನ್ನು ಮನೆಯ ಇನ್ನೊಬ್ಬರ ಮೊಬೈಲಿಗೂ ಕಳುಹಿಸಿಡಿ.

ಇದರ ಮುಂದಿನ ಹೆಜ್ಜೆ ‘ಆಭಾ’ ಸಂಖ್ಯೆ. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ನೀಡುವ 14 ಅಂಕಿಗಳ ಸಂಖ್ಯೆಯಿದು. ಈ ವ್ಯವಸ್ಥೆಯಲ್ಲಿ ಸೇರಿದ ಆಸ್ಪತ್ರೆಗಳ ವರದಿಗಳು, ನಿಮ್ಮ ಒಪ್ಪಿಗೆಯಿದ್ದರೆ, ಒಂದೆಡೆ ಕಾಣುತ್ತವೆ. ಆದರೆ ಆಭಾ ಕಾರ್ಡು ಬೇರೆ, ಆಯುಷ್ಮಾನ್ ಕಾರ್ಡು ಬೇರೆ. ಆಭಾ ನಿಮ್ಮ ದಾಖಲೆಗಳ ಗುರುತು ಮಾತ್ರ, ಅದರಿಂದ ಚಿಕಿತ್ಸೆಯ ಹಣ ಸಿಗುವುದಿಲ್ಲ. ಈ ಗೊಂದಲದಿಂದ ಆಸ್ಪತ್ರೆಯ ಬಾಗಿಲಲ್ಲಿ ಕಂಗಾಲಾದವರು ಅನೇಕರು.

ಆಸ್ಪತ್ರೆಗೆ ಸೇರುವ ಮುನ್ನ

ದೊಡ್ಡ ಖರ್ಚು ಬರುವುದು ಆಸ್ಪತ್ರೆಗೆ ಸೇರಿದಾಗ. ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಗಳು 2018ರಲ್ಲಿ ಒಂದಾದವು. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಉಳಿದವರಿಗೆ ನಿಗದಿತ ಪ್ಯಾಕೇಜಿನ ಶೇ. 30ರಷ್ಟು ನೆರವು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಯ ಮಿತಿಯಲ್ಲಿ, ದೊರೆಯುವಂತೆ ಯೋಜನೆಯನ್ನು ರೂಪಿಸಲಾಯಿತು. ಸಹಕಾರಿ ಸಂಘದ ಸದಸ್ಯರಾದ ರೈತರಿಗೆ ಯಶಸ್ವಿನಿ ಯೋಜನೆಯೂ ಮರುಜೀವ ಪಡೆದಿದೆ. ಕಾರ್ಡನ್ನು ಕಾಯಿಲೆ ಬರುವ ಮುನ್ನವೇ ಮಾಡಿಸಿಡಬೇಕು. ಕೆರೆ ತುಂಬಿದ ಮೇಲೆ ಏರಿ ಕಟ್ಟಲಾಗದು.

ಈ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಚಿಕಿತ್ಸೆ ಇಲ್ಲದಿದ್ದರೆ ಶಿಫಾರಸು ಪತ್ರ ಪಡೆದು, ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗುವುದು ಕ್ರಮ. ತುರ್ತು ಸಂದರ್ಭಗಳಿಗೆ ವಿನಾಯಿತಿಯಿದೆ. ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ, ಆಮೇಲೆ ಕಾರ್ಡು ತೋರಿಸಿದವರು ಎಮ್ಮೆ ಮಾರಿ ಬಿಲ್ಲು ಕಟ್ಟಿದ್ದನ್ನು ಕಂಡಿದ್ದೇವೆ.

ಅನಮೋಡದವರಿಗೆ ಇನ್ನೊಂದು ವಿಷಯವಿದೆ. ಘಟ್ಟ ಇಳಿದರೆ ಗೋವೆಯ ಆಸ್ಪತ್ರೆಗಳು ಸಿಗುತ್ತವೆಯಾದ್ದರಿಂದ ಅತ್ತ ಹೋಗುವವರು ಬಹಳ. ಆದರೆ 2018ರ ಜನವರಿಯಿಂದ ಗೋವೆಯ ಸರ್ಕಾರಿ ಆಸ್ಪತ್ರೆಗಳು ಹೊರರಾಜ್ಯದವರಿಗೆ ಶುಲ್ಕ ವಿಧಿಸತೊಡಗಿದವು. ನಮ್ಮ ಕಾರ್ಡು ಅಲ್ಲಿ ನಡೆಯುವುದೇ ಎಂಬುದನ್ನು ಹೊರಡುವ ಮುನ್ನ 14555 ಸಂಖ್ಯೆಗೆ ಕರೆ ಮಾಡಿ ಕೇಳಿಕೊಳ್ಳಿ. ಬೆಳಗಾವಿ, ಹುಬ್ಬಳ್ಳಿ, ಕಾರವಾರಗಳ ಆಸ್ಪತ್ರೆಗಳನ್ನೂ ತೂಗಿ ನೋಡಿ.

ಮೊಬೈಲಿಗೆ ಒಪ್ಪಿಸಬಾರದ ರೋಗಗಳು

ಎದೆನೋವು, ಮುಖ ಅಥವಾ ಕೈ ಸೊಟ್ಟಗಾಗುವುದು, ಮಾತು ತೊದಲುವುದು, ಉಸಿರುಕಟ್ಟುವುದು, ಗರ್ಭಿಣಿಯ ರಕ್ತಸ್ರಾವ, ಹಾವು ಕಡಿತ. ಇವುಗಳಲ್ಲಿ ಆ್ಯಪ್ ತೆರೆದು ಕೂಡುವುದು ಪ್ರಾಣಕ್ಕೇ ಮುಳುವು. ಕೂಡಲೇ 108ಕ್ಕೆ ಕರೆ ಮಾಡಬೇಕು ಅಥವಾ ಸಿಕ್ಕ ವಾಹನದಲ್ಲಿ ಹೊರಡಬೇಕು. ಹಾವಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೇ ಮದ್ದು. ಗಿಡಮೂಲಿಕೆಯ ನೆಪದಲ್ಲಿ ಹೊತ್ತು ಕಳೆಯಬಾರದು. ಆಯುರ್ವೇದ ವೈದ್ಯರಾಗಿಯೇ ನಾವು ಇದನ್ನು ಹೇಳುತ್ತಿದ್ದೇವೆ.

ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೂ ಅಷ್ಟೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ, ನಮ್ಮ ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಅಂತಹ ಜ್ವರಕ್ಕೆ ನೋವಿನ ಗುಳಿಗೆ ನುಂಗಿ ಕೂಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ತೋರಿಸಬೇಕು.

ಮೋಸದ ಬಲೆ

ಮೊಬೈಲಿನಲ್ಲಿ ಹಣ ಉಳಿಯುವಂತೆ ಹಣ ಹೋಗುವುದೂ ಇದೆ. “ನಲವತ್ತೆಂಟು ದಿನಗಳಲ್ಲಿ ಸಕ್ಕರೆ ಕಾಯಿಲೆ ಮಾಯ” ಎಂಬ ಜಾಹೀರಾತುಗಳಿಗೆ ನಮ್ಮ ಆಯುರ್ವೇದದ ಹೆಸರನ್ನೇ ಬಳಸುವುದು ನೋವಿನ ಸಂಗತಿ. ಮಧುಮೇಹವೂ ಸೇರಿದಂತೆ ಹಲವು ರೋಗಗಳನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ತಯಾರಿಕಾ ಪರವಾನಗಿ ಸಂಖ್ಯೆ, ತಯಾರಿಸಿದ ದಿನಾಂಕ, ಘಟಕದ್ರವ್ಯಗಳ ಪಟ್ಟಿ ಇಲ್ಲದ ಚೂರ್ಣ ಭಸ್ಮಗಳನ್ನು ಎಷ್ಟೇ ಅಗ್ಗವಾದರೂ ತರಿಸಬೇಡಿ. ಅವನ್ನು ನಂಬಿ ನಡೆದಿರುವ ಗುಳಿಗೆಯನ್ನು ನಿಲ್ಲಿಸಲೇಬೇಡಿ. ಆಹಾರ, ನಡಿಗೆ, ನಿದ್ರೆಗಳ ಶಿಸ್ತಿನಿಂದ ಗುಳಿಗೆಯ ಪ್ರಮಾಣ ಇಳಿಯಬಹುದು. ಆದರೆ ಇಳಿಸುವ ನಿರ್ಧಾರ ವೈದ್ಯರದಾಗಿರಲಿ.

“ಕಾರ್ಡು ಮಾಡಿಕೊಡುತ್ತೇವೆ, ಒಟಿಪಿ ಹೇಳಿ” ಎಂದು ಯಾರಾದರೂ ಫೋನು ಮಾಡಿದರೆ ಇಟ್ಟುಬಿಡಿ. ಹಣ ಹೋದರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಈ ತಿಂಗಳ ಕೆಲಸ

ಇಷ್ಟನ್ನೂ ಒಮ್ಮೆಲೇ ಮಾಡಬೇಕಿಲ್ಲ. ಈ ತಿಂಗಳು ಮೂರೇ ಕೆಲಸ ಸಾಕು. ಒಂದು, ಮನೆಯ ಹಿರಿಯರ ಎಲ್ಲ ಚೀಟಿಗಳ ಚಿತ್ರ ತೆಗೆದಿಡಿ. ಎರಡು, ಅವರು ನುಂಗುವ ಗುಳಿಗೆಗಳ ಮೂಲ ಹೆಸರನ್ನು ಬರೆದು ಆರೋಗ್ಯ ಕೇಂದ್ರದಲ್ಲಿ, ಜನೌಷಧಿಯಲ್ಲಿ ವಿಚಾರಿಸಿ. ಮೂರು, ಆಯುಷ್ಮಾನ್ ಕಾರ್ಡು ಇದೆಯೇ ನೋಡಿ. ಸಿಗ್ನಲ್ ಇಲ್ಲದ ವಾಡೆಯವರು ಸಂತೆಗೆ ಬಂದ ದಿನ ಇದನ್ನು ಮಾಡಬಹುದು. ಓದುಬರಹ ಬಲ್ಲ ಮಕ್ಕಳು ತಮ್ಮ ಮನೆಯದು ಮುಗಿದ ಮೇಲೆ ಪಕ್ಕದ ಮನೆಯ ಅಜ್ಜ ಅಜ್ಜಿಯರದನ್ನೂ ಮಾಡಿಕೊಟ್ಟರೆ ಅದೊಂದು ದಾಸೋಹವೇ ಸರಿ.

ಆ ತಾಯಿ ಈಗಲೂ ಇದ್ದಾರೆ. ಅವರ ಗುಳಿಗೆ ತಿಂಗಳು ತಿಂಗಳು ಉಪಕೇಂದ್ರದಿಂದ ಬರುತ್ತದೆ, ಚೀಟಿಗಳೆಲ್ಲ ಮಗನ ಮೊಬೈಲಿನಲ್ಲಿವೆ. ಕಳೆದ ಸಲ ಹೋದಾಗ ಎಡಗೈಯಲ್ಲಿ ನಮಗೆ ಚಹಾ ಕೊಟ್ಟರು. ಈಗ ನಾವು ಪ್ರತಿ ರೋಗಿಯನ್ನೂ ಮೊದಲು ಕೇಳುವುದು ಒಂದೇ ಪ್ರಶ್ನೆ: “ಇಲ್ಲಿಗೆ ಬರಲು ಎಷ್ಟು ಖರ್ಚಾಯಿತು?”

ಸರ್ವರಿಗೂ ಆರೋಗ್ಯ ಲಭಿಸಲಿ.