ಯಾಂತ್ರಿಕ ಕಾವಲುಗಾರನ ನವೀಕರಣ

ಬಾಗಿಲಿಗೆ ಕಾವಲುಗಾರನನ್ನು ನೇಮಿಸುವುದು ಬಹು ಹಳೆಯ ಪದ್ಧತಿ. ಆದರೆ ಬಾಗಿಲು ತೆರೆದಿರುವಾಗಲೇ, ಹಳೆಯವನನ್ನು ಬಿಡಿಸಿ ಅವನ ಸ್ಥಾನಕ್ಕೆ ಹೊಸಬನನ್ನು ತರುವುದು ಹೇಗೆ? ಇಂದಿನ ಗಣಕಯಂತ್ರಗಳ ಲೋಕದಲ್ಲಿ ಈ ಪ್ರಶ್ನೆ ಹೊಸ ರೂಪ ತಾಳಿದೆ. ನಾನು ಕಲಾ ವಿಭಾಗದ ವಿದ್ಯಾರ್ಥಿಯಾದರೂ, ಲಿನಕ್ಸ್ ಸರ್ವರ್ ಒಂದನ್ನು ಅಭ್ಯಾಸಕ್ಕಾಗಿ ನೋಡಿಕೊಳ್ಳುತ್ತ ಬಂದಿದ್ದೇನೆ. ಅದರಿಂದ ತಿಳಿದ ಕೆಲವು ಮಾತುಗಳನ್ನು ಸಹಪಾಠಿಗಳ ಹಾಗೂ ಗುರುಜನರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ಅನುಮಾನಾಸ್ಪದ ಪತ್ರವೊಂದು ಬಂದರೆ ಅದು ಬಂದ ವಿಳಾಸವನ್ನು ಪರೀಕ್ಷಿಸುವುದು, ಕೆಟ್ಟದ್ದೆಂದು ಕಂಡರೆ ಫೈರ್‌ವಾಲಿನಲ್ಲಿ ತಡೆಯುವುದು, ಬಳಿಕ ಸಂಬಂಧಪಟ್ಟವರಿಗೆ ತಿಳಿಸುವುದು—ಈ ಕೆಲಸಗಳನ್ನು ಮನುಷ್ಯನನ್ನು ಕೇಳದೆಯೇ ಸಾಲಾಗಿ ಮಾಡಿ ಮುಗಿಸುವ ತಂತ್ರಾಂಶಗಳಿವೆ. ಷಫಲ್ ಎಂಬುದು ಅಂಥದೊಂದು. ಅದನ್ನು ನಮ್ಮದೇ ಯಂತ್ರದಲ್ಲಿ ಸ್ಥಾಪಿಸಿ ನಡೆಸಬಹುದು. ಡಾಕರ್ ಎಂಬ ವ್ಯವಸ್ಥೆಯೊಳಗೆ ಅದರ ಅಂಗಗಳು ಬೇರೆಬೇರೆ ಪೆಟ್ಟಿಗೆಗಳಲ್ಲಿ ಇರುತ್ತವೆ: ನಾವು ಕಾಣುವ ಮುಖಪುಟ, ಹಿಂದಿನ ಕಾರ್ಯಾಲಯ, ಕೆಲಸಗಾರರನ್ನು ಕರೆದು ಕೆಲಸ ಹಚ್ಚುವ ಆರ್ಬೋರಸ್, ಎಲ್ಲವನ್ನೂ ಬರೆದಿಡುವ ಓಪನ್‌ಸರ್ಚ್ ದತ್ತಭಂಡಾರ. ಈ ಕಾವಲುಗಾರನ ಸೊಂಟದಲ್ಲಿ ಫೈರ್‌ವಾಲು, ಅಂಚೆ, ಬಳಕೆದಾರರ ಖಾತೆಗಳು ಮುಂತಾದ ಎಲ್ಲ ಬಾಗಿಲುಗಳ ಬೀಗದ ಕೈಗಳಿರುತ್ತವೆ ಎಂಬುದನ್ನು ನಾವು ಮರೆಯಲಾಗದು.

ಹೀಗಿರುವಾಗ, ನಡೆಯುತ್ತಿರುವುದನ್ನು ಮುಟ್ಟದೆ ಬಿಡುವುದೇ ಲೇಸಲ್ಲವೇ ಎಂದು ಕೆಲವರು ಕೇಳಬಹುದು. ಅಲ್ಲ. ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯ ಉದಾಹರಣೆಯನ್ನು ನೋಡಿರಿ. ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ದೋಷಕ್ಕೆ ಪರಿಹಾರ ೨೦೧೭ರ ಮಾರ್ಚಿಯಲ್ಲೇ ಪ್ರಕಟವಾಗಿತ್ತು. ಅದನ್ನು ಎಲ್ಲೆಡೆ ಅಳವಡಿಸದ ಕಾರಣ ಮೇ ತಿಂಗಳಿನಿಂದ ಕಳ್ಳರು ಒಳನುಗ್ಗಿ, ಸುಮಾರು ೧೪.೭ ಕೋಟಿ ಜನರ ವಿವರಗಳಿಗೆ ಕೈಹಾಕಿದರು. ಹಾಗೆಂದು ಅವಸರವೂ ಸಲ್ಲದು. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ದೋಷಯುಕ್ತ ನವೀಕರಣವೊಂದು ಜಗತ್ತಿನಾದ್ಯಂತ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳನ್ನು ನಿಲ್ಲಿಸಿತು. ವಿಮಾನಗಳ ಸಂಚಾರ, ಆಸ್ಪತ್ರೆಗಳ ಕೆಲಸ ಅಸ್ತವ್ಯಸ್ತವಾದವು. ಕಾಯಬೇಕಾದವನೇ ಬಾಗಿಲಿಗೆ ಅಡ್ಡ ಬಿದ್ದಂತಾಯಿತು.

ಆಲಸ್ಯವೂ ಅಪಾಯ, ಆತುರವೂ ಅಪಾಯವಾದಾಗ ಮಾರ್ಗ ಯಾವುದು? ಮುಂದಕ್ಕೆ ಹೆಜ್ಜೆಯಿಡುವ ಮೊದಲು ಹಿಂದಿರುಗುವ ದಾರಿಯನ್ನು ಕಟ್ಟಿಕೊಳ್ಳುವುದೇ ಮಾರ್ಗವೆಂದು ನನ್ನ ಅಭಿಪ್ರಾಯ. ತಂತ್ರಾಂಶ ಹಾಳಾದರೆ ಇನ್ನೊಂದು ಪ್ರತಿ ದೊರೆಯುತ್ತದೆ. ನಮ್ಮ ದತ್ತಾಂಶ ಹಾಳಾದರೆ ಅದನ್ನು ಕೊಡುವವರು ಯಾರೂ ಇಲ್ಲ. ಅಲ್ಲದೆ ದತ್ತಭಂಡಾರವನ್ನು ಹೊಸ ಆವೃತ್ತಿ ಒಮ್ಮೆ ತೆರೆದು ಬರೆದ ಮೇಲೆ, ಹಳೆಯ ಆವೃತ್ತಿ ಅದನ್ನು ಓದಲಾರದೆ ಹೋಗಬಹುದು. ಆಗ ಹಳೆಯ ತಂತ್ರಾಂಶವನ್ನು ಮರಳಿ ತಂದರೂ ಪ್ರಯೋಜನವಿಲ್ಲ. ಹಳೆಯ ದತ್ತಾಂಶದ ಪ್ರತಿಯೂ ಕೈಯಲ್ಲಿರಬೇಕು.

ಆದುದರಿಂದ ನಾನು ಅನುಸರಿಸುವ ಕ್ರಮ ಹೀಗಿದೆ. ಮೊದಲು ಹೊಸ ಆವೃತ್ತಿಯ ಟಿಪ್ಪಣಿಗಳನ್ನು ಪೂರ್ಣವಾಗಿ ಓದುತ್ತೇನೆ. ಈಗ ನಡೆಯುತ್ತಿರುವ ಆವೃತ್ತಿಯ ಸಂಖ್ಯೆಯನ್ನು ಬರೆದಿಡುತ್ತೇನೆ. ಸಂರಚನಾ ಕಡತದಲ್ಲಿ ಆವೃತ್ತಿಯನ್ನು ‘ಲೇಟೆಸ್ಟ್’ ಎಂದು ಬರೆದಿದ್ದರೆ ಮರಳಬೇಕಾದ ಸ್ಥಾನ ಯಾವುದೆಂದೇ ತಿಳಿಯದು. ಆದ್ದರಿಂದ ಖಚಿತ ಸಂಖ್ಯೆಯನ್ನೇ ನಮೂದಿಸಬೇಕು. ಬಳಿಕ ಡಾಕರ್ ಕಂಪೋಸ್ ಡೌನ್ ಎಂಬ ಆಜ್ಞೆಯಿಂದ ಎಲ್ಲವನ್ನೂ ನಿಲ್ಲಿಸಿ, ದತ್ತಾಂಶದ ಕೋಶವನ್ನೂ ಸಂರಚನಾ ಕಡತಗಳನ್ನೂ ಬೇರೊಂದು ಯಂತ್ರಕ್ಕೆ ನಕಲು ಮಾಡುತ್ತೇನೆ. ನಿಲ್ಲಿಸದೆ ತೆಗೆದ ನಕಲು, ಬರೆಯುತ್ತಿರುವ ಪುಟವನ್ನು ಮಧ್ಯದಲ್ಲೇ ಕಿತ್ತುಕೊಂಡಂತೆ. ಸಂರಚನೆಯಲ್ಲಿರುವ ಗೂಢಲಿಪಿಯ ಕೀಲಿಯನ್ನು ಪ್ರತ್ಯೇಕವಾಗಿ ಜೋಪಾನ ಮಾಡಬೇಕು. ಅದು ಕಳೆದರೆ ಉಳಿಸಿಟ್ಟ ಗುಪ್ತಪದಗಳೆಲ್ಲ ಇದ್ದೂ ಇಲ್ಲದಂತೆ.

ನಕಲು ಇದೆಯೆಂದರೆ ಸಾಲದು, ಅದು ಜೀವಂತವಾಗಿರಬೇಕು. ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ೨೦೧೭ರ ಜನವರಿ ೩೧ರಂದು ಮುಖ್ಯ ದತ್ತಭಂಡಾರ ಆಕಸ್ಮಿಕವಾಗಿ ಅಳಿಸಿಹೋದಾಗ, ಇದ್ದ ಹಲವು ನಕಲು ವ್ಯವಸ್ಥೆಗಳು ಕೈಕೊಟ್ಟಿದ್ದುದು ಬೆಳಕಿಗೆ ಬಂತು. ಸುಮಾರು ಆರು ಗಂಟೆಗಳ ಹಿಂದೆ ತೆಗೆದಿದ್ದ ಒಂದು ಪ್ರತಿ ಅವರನ್ನು ಕಾಪಾಡಿತು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಬಾರದೆಂದು ಹಿರಿಯರು ಹೇಳಿದ್ದು ಇದಕ್ಕೇ. ನಕಲನ್ನು ಬೇರೊಂದು ಯಂತ್ರದಲ್ಲಿ ಎಬ್ಬಿಸಿ, ನವೀಕರಣವನ್ನು ಮೊದಲು ಅಲ್ಲಿಯೇ ನಡೆಸಿ ನೋಡಬೇಕು. ಇಲ್ಲಿ ಒಂದು ಎಚ್ಚರಿಕೆ: ಆ ಯಂತ್ರ ಹೊರಗಿನ ಜಾಲದಿಂದ ಬೇರ್ಪಟ್ಟಿರಬೇಕು. ಇಲ್ಲವಾದರೆ ಎಚ್ಚತ್ತ ನಕಲು ತಾನೇ ನಿಜವಾದ ಕಾವಲುಗಾರನೆಂದು ಭಾವಿಸಿ, ನಿಗದಿಯಾದ ಕೆಲಸಗಳನ್ನೆಲ್ಲ ಎರಡನೆಯ ಬಾರಿ ಮಾಡತೊಡಗುತ್ತದೆ.

ಪರೀಕ್ಷೆಯಲ್ಲಿ ಗೆದ್ದ ಮೇಲೆಯೇ ಮುಖ್ಯ ಸರ್ವರಿನಲ್ಲಿ ಹೊಸ ಪ್ರತಿಯನ್ನು ತಂದು ಆರಂಭಿಸುವುದು. ಪರೀಕ್ಷೆಗೂ ಇದಕ್ಕೂ ನಡುವೆ ದಿನಗಳು ಕಳೆದಿದ್ದರೆ ಹೊಸದಾಗಿ ಮತ್ತೊಂದು ನಕಲು ತೆಗೆಯಬೇಕು. ಓಪನ್‌ಸರ್ಚ್ ಏಳದಿದ್ದರೆ ಲಿನಕ್ಸ್ ಕರ್ನಲ್ಲಿನ ಮ್ಯಾಕ್ಸ್ ಮ್ಯಾಪ್ ಕೌಂಟ್ ಎಂಬ ಮಿತಿ ೨,೬೨,೧೪೪ಕ್ಕಿಂತ ಕಡಮೆಯಿದೆಯೇ, ದತ್ತಾಂಶದ ಕೋಶದ ಒಡೆತನ ಸರಿಯಾಗಿದೆಯೇ ಎಂದು ನೋಡಬೇಕು. ಮುಖಪುಟ ತೆರೆದೊಡನೆ ಗೆದ್ದೆವೆಂದು ಭಾವಿಸಬಾರದು. ನಿರಪಾಯಕರವಾದ ಒಂದು ಕಾರ್ಯಸರಣಿಯನ್ನು ಆದಿಯಿಂದ ಅಂತ್ಯದವರೆಗೆ ನಡೆಸಿ ಫಲವನ್ನು ಪರಿಶೀಲಿಸಬೇಕು. ಯಂತ್ರ ನಿಂತಿರುವಷ್ಟು ಹೊತ್ತು ಎಚ್ಚರಿಕೆಗಳನ್ನು ನೋಡಲು ಒಬ್ಬ ಮನುಷ್ಯನನ್ನು ನೇಮಿಸಿರುವುದೂ ಅವಶ್ಯ.

ಸಾಮಾನ್ಯ ತಂತ್ರಾಂಶ ಕೆಟ್ಟರೆ ಕೆಲಸ ನಿಲ್ಲುತ್ತದೆ, ಅಷ್ಟೆ. ಸ್ವಯಂಚಾಲಿತ ಕಾವಲುಗಾರ ಕೆಟ್ಟರೆ ಅವನು ಸುಮ್ಮನಿರುವವನಲ್ಲ. ನಿರಪರಾಧಿಯ ಖಾತೆಗೆ ಬೀಗ ಹಾಕಬಹುದು, ಅಪರಾಧಿಗೆ ಬಾಗಿಲು ಬಿಡಬಹುದು. ನಮ್ಮ ಪರವಾಗಿ ತೀರ್ಮಾನಿಸುವ ಅಧಿಕಾರವನ್ನು ಯಂತ್ರಕ್ಕೆ ಕೊಟ್ಟವರು, ಆ ಅಧಿಕಾರವನ್ನು ಹಿಂತೆಗೆದುಕೊಳ್ಳುವ ಶಕ್ತಿಯನ್ನೂ ತಮ್ಮಲ್ಲಿ ಉಳಿಸಿಕೊಳ್ಳಬೇಕು. ಜೋಪಾನವಾಗಿ ತೆಗೆದಿಟ್ಟ, ಪರೀಕ್ಷಿಸಿ ನೋಡಿದ ಒಂದು ಹಳೆಯ ಪ್ರತಿಯಲ್ಲಿ ಆ ಶಕ್ತಿ ಅಡಗಿದೆ.