ಅಘನಾಶಿನಿಯ ಅಳಿವೆಯಲ್ಲಿ ಪಕ್ಷಿವೀಕ್ಷಣೆ

ಕಲಾವಿಭಾಗದ ವಿದ್ಯಾರ್ಥಿಗಳಿಗೆ ಹಕ್ಕಿಗಳ ಗೊಡವೆ ಏತಕ್ಕೆಂದು ಮಿತ್ರರು ಕೇಳಬಹುದು. ಭೂಗೋಳವನ್ನು ನಕ್ಷೆಯಲ್ಲಿ ಓದಿದವರು ಒಮ್ಮೆಯಾದರೂ ಅದನ್ನು ಕೆಸರಿನಲ್ಲಿ ಓದಬೇಕು; ನಮ್ಮ ಉತ್ತರ ಇಷ್ಟೇ. ಚಳಿಗಾಲದ ಒಂದು ದಿನ ನಮ್ಮ ತಂಡವು ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಗೆ ಹೋದುದು ಈ ಉದ್ದೇಶದಿಂದಲೇ.

ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ತದಡಿಯ ಬಳಿ ಕಡಲನ್ನು ಸೇರುವ ಈ ನದಿಗೆ ದೊಡ್ಡ ಅಣೆಕಟ್ಟೆಯಿಲ್ಲ. ಆದುದರಿಂದ ಘಟ್ಟದ ಸಿಹಿನೀರೂ ಮೆಕ್ಕಲೂ ತಡೆಯಿಲ್ಲದೆ ಅಳಿವೆಗೆ ಬರುತ್ತವೆ. ಕಡಲಿನ ಉಪ್ಪುನೀರು ಎದುರಿನಿಂದ ಏರಿಬರುತ್ತದೆ. ಕಾಂಡ್ಲಾ ಗಿಡಗಳೂ ಉಪ್ಪುನೀರನ್ನು ತಾಳುವ ಕಗ್ಗ ಭತ್ತದ ಗಜನಿಗಳೂ ಈ ಕೂಡುವಿಕೆಯ ಫಲ. 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಾದ ಒಪ್ಪಂದದ ಜೌಗುನೆಲಗಳ ಪಟ್ಟಿಗೆ ಅಘನಾಶಿನಿ ಸೇರಿದುದು 2024ರಲ್ಲಿ.

ಕೆರೆಯ ಹಕ್ಕಿಗಳನ್ನು ನೋಡಲು ಬೆಳಗು ಬೈಗುಗಳೇ ಸಮಯ. ಅಳಿವೆಯಲ್ಲಿ ಹಾಗಲ್ಲ, ಇಲ್ಲಿ ಗಡಿಯಾರಕ್ಕಿಂತ ಪಂಚಾಂಗ ಹೆಚ್ಚು ಉಪಯುಕ್ತ. ಉಬ್ಬರವು ದಿನಕ್ಕೆರಡು ಬಾರಿ, ಪ್ರತಿದಿನವೂ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಇಳಿತ ಅತಿ ಹೆಚ್ಚು. ಕೆಸರುಬಯಲು ಆಗ ಬಹುದೂರ ತೆರೆದುಕೊಳ್ಳುತ್ತದೆ. ನೀರು ಸರಿದಂತೆ ಹಕ್ಕಿಗಳು ಅದರ ಅಂಚನ್ನೇ ಹಿಂಬಾಲಿಸಿ ಇಳಿಯುತ್ತವೆ. ನಡುಹಗಲಾಗಲಿ, ನಡುರಾತ್ರಿಯಾಗಲಿ, ಅವಕ್ಕೆ ಊಟದ ಹೊತ್ತು ಅದೇ.

ದುರ್ಬೀನಿನಲ್ಲಿ ಮೊದಲು ನೋಡಬೇಕಾದುದು ಬಣ್ಣವನ್ನಲ್ಲ, ಕೊಕ್ಕನ್ನು. ಚಳಿಗಾಲದಲ್ಲಿ ಗೊರವಗಳೆಲ್ಲ ಬೂದು ಕಂದು. ಬಣ್ಣವನ್ನು ನಂಬಿದವರು ಹೆಸರು ಹೇಳಲಾರರು. ಪ್ಲವರಿನ ಕೊಕ್ಕು ಮೋಟು, ಕಣ್ಣು ದೊಡ್ಡದು: ಓಡುತ್ತದೆ, ನಿಲ್ಲುತ್ತದೆ, ಮೇಲೆ ಕಂಡ ಹುಳುವನ್ನು ಹೆಕ್ಕುತ್ತದೆ. ಕೆಂಪುಕಾಲಿನ ಗೊರವ ಅದಕ್ಕಿಂತ ಆಳವನ್ನು ತಡಕುತ್ತದೆ. ಕರ್ಲ್ಯೂ ಎಂಬ ದೊಡ್ಡ ಹಕ್ಕಿಗೆ ಕೆಳಗೆ ಬಾಗಿದ ಗೇಣುದ್ದದ ಕೊಕ್ಕು. ಅದರ ತುದಿಗೆ ಸ್ಪರ್ಶಜ್ಞಾನವುಂಟು. ಕಾಣದ ಏಡಿಯನ್ನು ಬಿಲದೊಳಗೆ ಮುಟ್ಟಿಯೇ ತಿಳಿದು ಎಳೆಯುತ್ತದೆ. ಹೀಗೆ ಒಂದೇ ಕೆಸರು ಹಲವು ಅಂತಸ್ತಿನ ಉಗ್ರಾಣ. ಅರ್ಥಶಾಸ್ತ್ರದ ಮಿತ್ರರು ಈ ಹಂಚಿಕೆಯನ್ನು ಗಮನಿಸಬೇಕು!

ಅದೇ ಇಳಿತದಲ್ಲಿ ಸುತ್ತಣ ಹಳ್ಳಿಗಳ ಹೆಂಗಸರೂ ಗಂಡಸರೂ ಬಳಚು ಎಂಬ ಚಿಪ್ಪುಜೀವಿಯನ್ನು ಆಯುತ್ತಾರೆ. ಹಕ್ಕಿಗಳ ಊಟ, ಜನರ ದುಡಿಮೆ, ಎರಡೂ ಒಂದೇ ತಳದಿಂದ. ಮರಳಿಗಾಗಿಯೋ ಚಿಪ್ಪಿಗಾಗಿಯೋ ಆ ತಳವನ್ನು ಅಗೆದರೆ ಇಬ್ಬರ ತಟ್ಟೆಯೂ ಬರಿದು. ಈ ಶತಮಾನದ ಮೊದಲ ದಶಕದಲ್ಲಿ ತದಡಿಗೆ ಬೃಹತ್ ಉಷ್ಣವಿದ್ಯುತ್ ಸ್ಥಾವರವೊಂದರ ಪ್ರಸ್ತಾಪ ಬಂದಾಗ ಊರವರು ವಿರೋಧಿಸಿದುದನ್ನು ಇಲ್ಲಿ ನಿಂತು ನೋಡಿದವರು ಸುಲಭವಾಗಿ ಅರಿಯಬಲ್ಲರು.

ಮುಂದಿನ ವರ್ಷ ಹೋಗುವವರಿಗೆ ಒಂದು ಸೂಚನೆ. ಉಬ್ಬರ ಏರಿದಾಗ ಹಕ್ಕಿಗಳು ಮರಳುದಿಣ್ಣೆ, ಗಜನಿಯ ಒಡ್ಡುಗಳ ಮೇಲೆ ಒತ್ತಾಗಿ ನಿಂತು ವಿಶ್ರಮಿಸುತ್ತವೆ. ಛಾಯಾಚಿತ್ರದ ಆಸೆಗೆ ದೋಣಿಯನ್ನು ಹತ್ತಿರ ಒಯ್ಯಬೇಡಿ. ಹಿಮಾಲಯದಾಚೆಗೆ ಮರಳಬೇಕಾದ ಹಕ್ಕಿಯು ದಾರಿಯ ಬುತ್ತಿಯನ್ನು ಕೊಬ್ಬಾಗಿ ಮೈಯಲ್ಲೇ ಕೂಡಿಟ್ಟಿರುತ್ತದೆ. ಎಬ್ಬಿಸಿದಾಗಲೆಲ್ಲ ಅದು ವ್ಯಯವಾಗುವುದು.